ರಂಗಸ್ವಾಮಿಯ ಹೆಂಡತಿಗೆ ಒಂದು ಊಟ

ಧನ್ಯವಾದ ಹೇಳುವುದರಲ್ಲಿ ನನ್ನಷ್ಟು ಅನುಭವ ಇರುವವರು ತುಮಕೂರಿನಲ್ಲಿ ಹೆಚ್ಚು ಜನ ಸಿಗಲಿಕ್ಕಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು. ನಮ್ಮ ಶಾಲೆಯಲ್ಲಿ ಯಾವ ಸಮಾರಂಭ ನಡೆದರೂ ವಂದನಾರ್ಪಣೆ ನನ್ನ ಪಾಲಿಗೆ ಬರುತ್ತದೆ. ಸ್ವಾಗತ ಭಾಷಣಕ್ಕೆ, ನಿರೂಪಣೆಗೆ ಜನ ನಾ ಮುಂದು ತಾ ಮುಂದು ಎಂದು ಬರುತ್ತಾರೆ. ವಂದನಾರ್ಪಣೆಗೆ ಮಾತ್ರ ಎಲ್ಲರೂ ಒಮ್ಮನಸ್ಸಿನಿಂದ ನನ್ನ ಕಡೆ ನೋಡುತ್ತಾರೆ. ಯಾಕೆಂದರೆ ಆ ಹೊತ್ತಿಗೆ ಮುಖ್ಯ ಅತಿಥಿಗಳು ವೇದಿಕೆಯ ಕೆಳಗೆ ಚಪ್ಪಲಿ ಹುಡುಕುತ್ತಿರುತ್ತಾರೆ, ಮಕ್ಕಳು ಬ್ಯಾಗು ಹೆಗಲಿಗೇರಿಸಿರುತ್ತಾರೆ, ಶಾಮಿಯಾನದವನು ನನ್ನ ಹಿಂದಿನ ಕುರ್ಚಿಯನ್ನೇ ಮಡಚುತ್ತಿರುತ್ತಾನೆ. ಅಷ್ಟರ ಮಧ್ಯೆ ನಿಂತು ಮೈಕಿನವರಿಂದ ಹಿಡಿದು ನೀರು ತಂದುಕೊಟ್ಟವರ ತನಕ ಎಲ್ಲರಿಗೂ ಹೃತ್ಪೂರ್ವಕ ವಂದನೆ ಸಲ್ಲಿಸಿದ್ದೇನೆ. ಆದರೆ ಮನೆಯೊಳಗೆ ಯಾರಿಗೂ ಆ ಮಾತು ಹೇಳಿದವನಲ್ಲ. ನಮ್ಮ ಕಡೆ ಯಾರೂ ಹೇಳುವುದಿಲ್ಲ. ಒಂದು ಸಲ ನಮ್ಮಕ್ಕ ಕುಡಿಯಲು ನೀರು ಕೊಟ್ಟಾಗ ಅಭ್ಯಾಸಬಲದಿಂದ "ಥ್ಯಾಂಕ್ಸ್ ಅಕ್ಕ" ಅಂದುಬಿಟ್ಟೆ. ಅವಳು ಗಾಬರಿಯಾಗಿ, "ಯಾಕ್ಲಾ, ಮೈ ಹುಷಾರಿಲ್ವಾ?" ಅಂತ ನನ್ನ ಹಣೆ ಮುಟ್ಟಿ ನೋಡಿದಳು. ನಮ್ಮಲ್ಲಿ ಯಾರಾದರೂ ಕಷ್ಟಕ್ಕೆ ಆದರು ಅಂತ ಮನಸ್ಸಿಗೆ ಅನ್ನಿಸಿದರೆ ಅವರನ್ನು ಊಟಕ್ಕೆ ಕರೆಯುತ್ತೇವೆ. ಹೊಟ್ಟೆ ಬಿರಿಯುವ ಹಾಗೆ ಬಡಿಸಿ ಕಳಿಸುತ್ತೇವೆ. ಅಲ್ಲಿಗೆ ಹೇಳಬೇಕಾದ್ದು ಹೇಳಿದಂತಾಯಿತು.

ಈ ವರ್ಷ ಹಾಗೆ ಕರೆಯಬೇಕಾದವರ ಪಟ್ಟಿ ಉದ್ದವಾಗಿತ್ತು. ಅದಕ್ಕೆ ಕಾರಣ ನನ್ನ ಹೆಂಡತಿ ಸುಮಿತ್ರಳ ಮುರಿದ ಕಾಲು. ಕಾಲು ಮುರಿಯಲು ಕಾರಣ ನಾನು. ಗಣಪತಿ ಹಬ್ಬಕ್ಕೆ ಮುಂಚೆ ಫ್ಯಾನ್ ಒರೆಸಲು ಅವಳು ಸ್ಟೂಲು ಹತ್ತಿದ್ದಳು. "ಗಟ್ಟಿಯಾಗಿ ಹಿಡ್ಕೊಂಡಿರಿ" ಅಂದಿದ್ದಳು. ನಾನು ಹಿಡಿದುಕೊಂಡೇ ಇದ್ದೆ. ಅಷ್ಟರಲ್ಲಿ ಫೋನು ಬಡಕೊಂಡಿತು. ಎರಡೇ ಹೆಜ್ಜೆ ಹೋಗಿದ್ದೆ. ಸಾಲ ಬೇಕಾ ಅಂತ ಕೇಳಲು ಯಾರೋ ಹುಡುಗಿ ಮಾಡಿದ್ದ ಫೋನು ಅದು. ಬೇಡಮ್ಮ ಅಂತ ನಾನು ಹೇಳುವುದಕ್ಕೂ ಹಿಂದೆ ದಡ್ ಅನ್ನುವುದಕ್ಕೂ ಸರಿಹೋಯಿತು. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡು ಕೂರಿಸಿ, ಆರು ವಾರ ಕಾಲು ನೆಲಕ್ಕೆ ಊರಬಾರದು ಅಂದರು ಡಾಕ್ಟರು. ಆಸ್ಪತ್ರೆಯಲ್ಲಿ ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೋದವರು ಬಂದವರು ಹೇಗಾಯ್ತು ಅಂತ ಕೇಳಿದಾಗ, "ಕಾಲು ಜಾರಿತು" ಅಂತಷ್ಟೇ ಹೇಳಿ ನನ್ನ ಕಡೆ ನೋಡದೆ ಸುಮ್ಮನಾಗುತ್ತಿದ್ದಳು. ಮಗಳು ಹಾಸನದಿಂದ ಬಂದು ಹತ್ತು ದಿನ ಇದ್ದು ನೋಡಿಕೊಂಡಳು. ಅವಳ ರಜೆ ಮುಗಿಯಿತು. ಆಮೇಲೆ ನಾನು, ಸುಮಿತ್ರ, ಮತ್ತು ನನಗೆ ಯಾವ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿಲ್ಲದ ಒಂದು ಅಡುಗೆಮನೆ.

ಆಗ ನಮ್ಮನ್ನು ಕಾಪಾಡಿದವರು ಮೂರು ಕಡೆಯವರು. ಸದಾಶಿವನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನಾಗರತ್ನಮ್ಮ ದಿನಾ ಬೆಳಿಗ್ಗೆ ತಿಂಡಿ ತಂದುಕೊಟ್ಟು, ಸುಮಿತ್ರಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ ಹೋಗುತ್ತಿದ್ದರು. ಸುಮಿತ್ರಳ ತಮ್ಮ ಪುಟ್ಟಸ್ವಾಮಿ ಹುಲಿಯೂರುದುರ್ಗದಿಂದ ಪ್ರತಿ ಭಾನುವಾರ ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿಕೊಂಡು, ಒಂದು ಚೀಲ ತರಕಾರಿ, ತೆಂಗಿನಕಾಯಿ, ರಾಗಿಹಿಟ್ಟು ಹೊತ್ತು ಬರುತ್ತಿದ್ದ. ಮಧ್ಯಾಹ್ನದ ಊಟ ಮಾತ್ರ ಗುಬ್ಬಿಯಿಂದ ಬರುತ್ತಿತ್ತು, ಮೂರು ಡಬ್ಬಿಯ ಕ್ಯಾರಿಯರಿನಲ್ಲಿ. ನಾನು ಹೇಳಬೇಕೆಂದಿರುವುದು ಈ ಕ್ಯಾರಿಯರಿನ ವಿಷಯ.

ನಮ್ಮಕ್ಕ ಗೌರಮ್ಮ ಇರುವುದು ಗುಬ್ಬಿಯಲ್ಲಿ. ನಾನು ಗೌರಕ್ಕ ಅನ್ನುತ್ತೇನೆ. ಅವಳಿಗೂ ಸುಮಿತ್ರಳಿಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಜಗಳ ಆಸ್ತಿಯದ್ದಲ್ಲ, ಒಡವೆಯದ್ದಲ್ಲ, ಸಾರಿನದ್ದು. ಗುಬ್ಬಿಯಲ್ಲಿ ನಮ್ಮಕ್ಕ ಮಾಡುವ ಸಾರು ಗಟ್ಟಿ, ಸೌಟು ಹಾಕಿದರೆ ಸೌಟು ಯೋಚನೆ ಮಾಡಿ ವಾಲುವಷ್ಟು ಗಟ್ಟಿ. ಹುಲಿಯೂರುದುರ್ಗದ ಸುಮಿತ್ರ ಮಾಡುವುದು ತೆಳ್ಳಗೆ, ಮುದ್ದೆಯ ಸುತ್ತ ಹರಿದು ಹೋಗುವ ಹಾಗೆ. ನಮ್ಮ ಹೊಸ ಮನೆಯ ಗೃಹಪ್ರವೇಶವಾದ ಮೇಲೆ ನೆಂಟರಿಗೆಲ್ಲ ಊಟ ಹಾಕಿದ್ದೆವು. ಪಂಕ್ತಿಯಲ್ಲಿ ಕೂತ ಅಕ್ಕ ಒಂದು ತುತ್ತು ಬಾಯಿಗಿಟ್ಟು, "ಸಾರು ಚೆನ್ನಾಗೈತೆ ಕಣವ್ವ, ಊಟ ಆದ್ಮೇಲೆ ಕೈ ತೊಳ್ಕೊಳ್ಳೋಕೂ ಆಗ್ತದೆ" ಅಂದುಬಿಟ್ಟಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಬಡಿಸುತ್ತಿದ್ದ ಸುಮಿತ್ರ ನಗಲಿಲ್ಲ. ಮೂರು ತಿಂಗಳಾದ ಮೇಲೆ ಅಕ್ಕನ ಮನೆಗೆ ಹೋದಾಗ ಇವಳು ಸಾರು ಮುಟ್ಟದೆ, "ನಂಗೆ ಬರೀ ಮೊಸರನ್ನ ಸಾಕು ಅತ್ತಿಗೆ, ಗಟ್ಟಿ ಪದಾರ್ಥ ಜೀರ್ಣ ಆಗಲ್ಲ" ಅಂದಳು. ಅಲ್ಲಿಗೆ ಮಾತು ನಿಂತಿತು. ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೂ ಇಬ್ಬರೂ ನನ್ನ ಮೂಲಕವೇ ವ್ಯವಹರಿಸುತ್ತಿದ್ದರು. ಅಕ್ಕ ಆಸ್ಪತ್ರೆಗೂ ಬಂದಿದ್ದಳು. ಮಂಚದಿಂದ ಮೂರಡಿ ದೂರದಲ್ಲಿ ನಿಂತು, ಕಣ್ಣು ಬಿಟ್ಟುಕೊಂಡು ಮಲಗಿದ್ದ ಸುಮಿತ್ರಳನ್ನು ಬಿಟ್ಟು ನನ್ನನ್ನು ಕೇಳಿದಳು, "ಹೆಂಗವಳ್ಲಾ?" ಸುಮಿತ್ರ ಗೋಡೆ ಕಡೆ ನೋಡುತ್ತ, "ಪರವಾಗಿಲ್ಲ ಅಂತ ಹೇಳ್ರೀ" ಅಂದಳು. ನಾನು, "ಪರವಾಗಿಲ್ವಂತೆ ಅಕ್ಕ" ಅಂದೆ.

ಆದರೆ ಅಕ್ಕ ಅವತ್ತು ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಗಳು ಹೋದ್ಮೇಲೆ ಊಟಕ್ಕೇನ್ಲಾ ಮಾಡ್ತೀಯ? ನಾನು ಕಳಿಸ್ತೀನಿ. ನಾನು ಅಂತ ಮಾತ್ರ ಬಾಯಿ ಬಿಡಬೇಡ. ಗೊತ್ತಾದ್ರೆ ಅವಳು ತಿನ್ನಲ್ಲ" ಅಂದಳು. ನಮ್ಮ ಶಾಲೆಗೆ ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುವ ರಂಗಸ್ವಾಮಿ ಅನ್ನುವ ಡ್ರಿಲ್ ಮಾಸ್ತರರಿದ್ದಾರೆ. ನಮ್ಮ ಭಾವ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಕ್ಯಾರಿಯರನ್ನು ಅವರ ಕೈಗೆ ಕೊಡುವುದು, ಅವರು ಅದನ್ನು ಸ್ಟಾಫ್ ರೂಮಿನಲ್ಲಿ ನನಗೆ ಕೊಡುವುದು, ಊಟದ ಬಿಡುವಿನಲ್ಲಿ ನಾನು ಸ್ಕೂಟರಿನಲ್ಲಿ ಮನೆಗೆ ತರುವುದು ಅಂತ ಏರ್ಪಾಡಾಯಿತು. ಮೊದಲ ದಿನ ಸುಮಿತ್ರ, "ಯಾರು ಕಳಿಸಿದ್ದು?" ಅಂತ ಕೇಳಿದಳು. ನಾನು ಯೋಚಿಸದೆ, "ರಂಗಸ್ವಾಮಿ ಹೆಂಡ್ತಿ" ಅಂದೆ.

ರಂಗಸ್ವಾಮಿಗೆ ಮದುವೆಯಾಗಿಲ್ಲ. ವಯಸ್ಸು ನಲವತ್ತಾರು. ಇನ್ನು ಆಗುವ ಯೋಚನೆಯೂ ಅವರಿಗಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಬಾಯಿಂದ ಬಂದಾಗಿತ್ತು. ಸುಮಿತ್ರ ಒಂದು ತುತ್ತು ತಿಂದು, ಸಾರಿನ ಡಬ್ಬಿಯೊಳಗೆ ಇಣುಕಿ ನೋಡಿ, "ಆಕೆ ಹೆಸರೇನು?" ಅಂದಳು. "ಸಾವಿತ್ರಮ್ಮ" ಅಂದೆ. ಮಾರನೆಯ ದಿನ, "ಮಕ್ಕಳೆಷ್ಟು?" ಅಂದಳು. "ಇಬ್ಬರು." ಹೀಗೆ ದಿನಕ್ಕೊಂದು ಪ್ರಶ್ನೆ. ಮಲಗಿದವಳಿಗೆ ಹೊತ್ತು ಹೋಗಬೇಕಲ್ಲ, ಪಾಪ, ಅಂದುಕೊಂಡು ನಾನೂ ಉತ್ತರ ಕೊಡುತ್ತಾ ಹೋದೆ. ನಾಲ್ಕನೇ ವಾರದ ಹೊತ್ತಿಗೆ ಸಾವಿತ್ರಮ್ಮನ ದೊಡ್ಡ ಮಗ ಪಿಯುಸಿ ಸೈನ್ಸ್ ಓದುತ್ತಿದ್ದ, ಮಗಳು ಭರತನಾಟ್ಯ ಕಲಿಯುತ್ತಿದ್ದಳು, ಅವರ ತವರು ನಿಟ್ಟೂರು, ಮತ್ತು ಅವರಿಗೆ ಈಚೆಗೆ ಮಂಡಿನೋವು ಶುರುವಾಗಿತ್ತು. ಸಂಜೆ ಕ್ಯಾರಿಯರು ವಾಪಸ್ ಹೋಗುವಾಗ ಸುಮಿತ್ರ ಅದನ್ನು ಬರಿದಾಗಿ ಕಳಿಸುತ್ತಿರಲಿಲ್ಲ. ಒಂದು ದಿನ ಹಿತ್ತಲಿನ ಕರಿಬೇವು, ಒಂದು ದಿನ ನಾಲ್ಕು ನಿಂಬೆಹಣ್ಣು. ಒಂದು ದಿನ ನನ್ನನ್ನು ಬೇಕರಿಗೆ ಕಳಿಸಿ ಕೊಬ್ಬರಿ ಮಿಠಾಯಿ ತರಿಸಿ ಅದರಲ್ಲಿ ಇಟ್ಟಳು. ನಮ್ಮಕ್ಕನಿಗೆ ಕೊಬ್ಬರಿ ಮಿಠಾಯಿ ಅಂದರೆ ಪ್ರಾಣ. ಸಾವಿತ್ರಮ್ಮನಿಗೂ ಹಾಗೇ ಇರಬಹುದು ಅಂದುಕೊಂಡೆ. ಆಕೆಯನ್ನು ಹುಟ್ಟಿಸಿದವನು ನಾನೇ ಅನ್ನುವುದು ಆ ಕ್ಷಣ ನನಗೂ ಮರೆತುಹೋಗಿತ್ತು.

ಅವರೆಕಾಯಿಯ ಕಾಲ ಬರುವ ಹೊತ್ತಿಗೆ ಸುಮಿತ್ರ ವಾಕರ್ ಹಿಡಿದು ಮನೆಯೊಳಗೆ ಓಡಾಡುವಂತಾದಳು. ಒಂದು ಸಂಜೆ, "ಎಲ್ಲರನ್ನೂ ಒಂದಿನ ಊಟಕ್ಕೆ ಕರೀಬೇಕು ಕಣ್ರೀ" ಅಂದಳು. ನನ್ನ ಮನಸ್ಸಿನಲ್ಲಿ ಮೂರು ತಿಂಗಳಿಂದ ಕೊರೆಯುತ್ತಿದ್ದ ಸ್ಟೂಲು ಆಗ ಮಾತಾಡಿಸಿತು. "ನೀನು ಒಲೆ ಮುಂದೆ ನಿಲ್ಲೋ ಹಾಗಿಲ್ಲ. ಅಡುಗೆ ಪೂರ್ತಿ ನಾನೇ ಮಾಡ್ತೀನಿ" ಅಂದೆ. ಅವಳು ನಗಲಿಲ್ಲ. ನಾನು ಮಾಡುತ್ತೇನೆ ಅಂದದ್ದು ಅವಳಿಗೆ ಇಷ್ಟವಾಯಿತು ಅಂತ ಕಾಣುತ್ತದೆ, ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾ ಕೂತಳು. ಆಮೇಲೆ, "ಏನು ಮಾಡ್ತೀರಾ?" ಅಂತ ಕೇಳಿದಳು. "ಮುದ್ದೆ, ಹಿದುಕಿದ ಬೇಳೆ ಸಾರು, ಅನ್ನ, ಕೋಸಂಬರಿ, ಶ್ಯಾವಿಗೆ ಪಾಯಸ." ಹಿದುಕಿದ ಬೇಳೆ ಅಂದಾಗ ಅವಳ ಹುಬ್ಬು ಮೇಲೆ ಹೋಯಿತು. ಅವರೆಕಾಳನ್ನು ನೆನೆಸಿ ಒಂದೊಂದೇ ಕಾಳಿನ ಸಿಪ್ಪೆಯನ್ನು ಬೆರಳಲ್ಲಿ ಹಿದುಕಿ ತೆಗೆಯುವ ಕೆಲಸ ಅದು. ತಿನ್ನುವುದರಲ್ಲಿ ನನಗೆ ಐವತ್ತು ವರ್ಷದ ಅನುಭವ ಇದ್ದದ್ದರಿಂದ, ಮಾಡುವುದೂ ಗೊತ್ತಿದೆ ಅಂದುಕೊಂಡಿದ್ದೆ.

"ಸರಿ. ಮೊದಲು ರಂಗಸ್ವಾಮಿ ಮನೆಯವರನ್ನ ಕರೀರಿ. ಮುಖಾನೂ ನೋಡ್ದೆ ಅಷ್ಟು ದಿನ ಊಟ ಹಾಕಿದಾರೆ ಆಕೆ. ನಾನು ಒಂದು ಸೀರೆ ತರಿಸಿಟ್ಟಿದೀನಿ. ಮತ್ತೆ ನಿಮ್ಮಕ್ಕನ್ನೂ ಕರೀರಿ. ಬರೋದು ಬಿಡೋದು ಅವರಿಷ್ಟ" ಅಂದಳು ಸುಮಿತ್ರ.

ನಾನು ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ರಂಗಸ್ವಾಮಿಯವರನ್ನು ಮೂಲೆಗೆ ಕರೆದೆ. "ನಿಮ್ಮಿಂದ ಒಂದು ಉಪಕಾರ ಆಗಬೇಕು. ನಿಮಗೆ ಮದುವೆ ಆಗಿದೆ" ಅಂದೆ.

"ಯಾವಾಗ ಸಾರ್?" ಅಂದರು ಅವರು.

ವಿಷಯ ಬಿಡಿಸಿ ಹೇಳಿದೆ. ಒಳ್ಳೆಯ ಮನುಷ್ಯ, ಕೋಪ ಮಾಡಿಕೊಳ್ಳಲಿಲ್ಲ. ಮಕ್ಕಳಿಬ್ಬರೂ ಚೆನ್ನಾಗಿ ಓದುತ್ತಿದ್ದಾರಾ ಅಂತ ಮಾತ್ರ ಕೇಳಿದರು. ಊಟಕ್ಕೆ ಬಂದಾಗ, ಹೆಂಡತಿಗೆ ಮಂಡಿನೋವು ಜಾಸ್ತಿಯಾಗಿ ಬರಲಾಗಲಿಲ್ಲ ಅಂತ ಹೇಳಬೇಕೆಂದು ನಿಶ್ಚಯವಾಯಿತು. ಇನ್ನು ಅಕ್ಕ. ಫೋನ್ ಮಾಡಿದಾಗ, "ನಾನ್ಯಾಕ್ಲಾ ಬರ್ಲಿ? ಅವಳು ಮಾಡಿದ್ದು ನಾನು ತಿನ್ನೋದು, ನಾನೇನಾದ್ರೂ ಅನ್ನೋದು, ಮತ್ತೆ ರಾದ್ಧಾಂತ. ಬುಡು" ಅಂದಳು. "ಅವಳಲ್ಲ ಅಕ್ಕ, ಅಡುಗೆ ನಾನು ಮಾಡ್ತಿರೋದು" ಅಂದೆ. "ಎಷ್ಟು ಜನಕ್ಕೆ?" ಅಂತ ಮೆಲ್ಲಗೆ ಕೇಳಿದಳು. "ಹನ್ನೆರಡು." "ಅಯ್ಯೋ ಶಿವನೇ! ಬತ್ತೀನಿ ಇರು" ಅಂದಳು. ಫೋನ್ ಇಡುವ ಮೊದಲು ಇನ್ನೊಂದು ಸಲ ಎಚ್ಚರಿಸಿದಳು, "ಕ್ಯಾರಿಯರ್ ವಿಷ್ಯ ಎತ್ತೀಯ ಮತ್ತೆ!"

ಶಾಲೆಯಲ್ಲಿ ವರ್ಷ ವರ್ಷ ಟೈಮ್ ಟೇಬಲ್ ಹಾಕುವವನೂ ನಾನೇ. ಹದಿನಾಲ್ಕು ಜನ ಮೇಷ್ಟ್ರುಗಳನ್ನು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದ ಹಾಗೆ ವಾರಕ್ಕೆ ಹಂಚುವವನಿಗೆ ಐದು ಪದಾರ್ಥ ಯಾವ ಲೆಕ್ಕ ಅಂತ ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು, ಭಾನುವಾರ ಬೆಳಿಗ್ಗೆ ಆರರಿಂದ ಹನ್ನೆರಡೂವರೆ ತನಕ ಅಡುಗೆಯ ಟೈಮ್ ಟೇಬಲ್ ತಯಾರಿಸಿ ಫ್ರಿಜ್ಜಿಗೆ ಅಂಟಿಸಿದೆ. ಬೇಳೆ ಹಿದುಕಲು ನಲವತ್ತು ನಿಮಿಷ, ಅಂದರೆ ಸರಿಯಾಗಿ ಒಂದು ಪೀರಿಯಡ್, ಕೊಟ್ಟಿದ್ದೆ. ಸುಮಿತ್ರ ವಾಕರಿನ ಮೇಲೆ ಭಾರ ಹಾಕಿ ನಿಂತು ಅದನ್ನು ಪೂರ್ತಿ ಓದಿದಳು. "ಚೆನ್ನಾಗಿದೆ. ಪಾಯಸಕ್ಕೆ ಆಟದ ಪೀರಿಯಡ್ ಇಲ್ವಾ?" ಅಂತ ಕೇಳಿ ಹೊರಟುಹೋದಳು. ಶನಿವಾರ ಹೆಬ್ಬೂರು ಕಡೆಯಿಂದ ಅವರೆಕಾಯಿ ತಂದು ರಸ್ತೆ ಬದಿಯಲ್ಲಿ ಮಾರುವ ಹೆಂಗಸಿನ ಹತ್ತಿರ ಸೊಗಡಿನ ಕಾಯಿ ಒಂದು ಚೀಲ ತಂದೆ. "ಮನೇಲಿ ಸುಲಿಯೋಕೆ ಎಷ್ಟು ಜನ ಅವ್ರೆ ಸಾಮಿ?" ಅಂದಳು ಆಕೆ. "ನಾನೊಬ್ಬನೇ" ಅಂದೆ. ಆಕೆ ಇನ್ನೊಂದು ಹಿಡಿ ಕಾಯಿ ಹೆಚ್ಚಿಗೆ ಹಾಕಿದಳು. ಅದನ್ನು ಔದಾರ್ಯ ಅಂದುಕೊಂಡು ಬಂದೆ. ಸಂಜೆಯೆಲ್ಲ ಕೂತು ಕಾಯಿ ಸುಲಿದು, ಕಾಳು ನೀರಿಗೆ ಹಾಕಿ ಮಲಗಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ನೆಲದ ಮೇಲೆ ಕೂತೆ. ನೆನೆದ ಕಾಳು ಉಬ್ಬಿ ಪಾತ್ರೆಯಿಂದ ಹೊರಗೆ ಇಣುಕುತ್ತಿತ್ತು. ಹಿದುಕುವುದು ನೋಡಲು ಸುಲಭ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ತಟ್ಟೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ನನ್ನ ಕೈಯಲ್ಲಿ ಸಿಪ್ಪೆ ತಟ್ಟೆಗೆ ಬೀಳುತ್ತಿತ್ತು, ಬೇಳೆ ಗ್ಯಾಸ್ ಸಿಲಿಂಡರಿನ ಹಿಂದಕ್ಕೆ ಹಾರುತ್ತಿತ್ತು. ಒಂದು ಪೀರಿಯಡ್ ಮುಗಿಯಿತು. ಎರಡು ಮುಗಿಯಿತು. ತಟ್ಟೆಯಲ್ಲಿದ್ದದ್ದು ಎರಡು ಹಿಡಿ ಬೇಳೆ. ಟೈಮ್ ಟೇಬಲ್ ಪ್ರಕಾರ ಆ ಹೊತ್ತಿಗೆ ನಾನು ಕೋಸಂಬರಿಗೆ ಉಪ್ಪು ಹಾಕಬೇಕಿತ್ತು. ಎದ್ದ ಕೂಡಲೇ ಅದನ್ನು ಕಲಸಿಟ್ಟಾಗಲೇ ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಟೈಮ್ ಟೇಬಲ್ ಸುಳ್ಳು ಹೇಳುವುದಿಲ್ಲ ಅಂತ ಎದ್ದುಹೋಗಿ ಹಾಕಿದೆ. ಬಂದು ಮತ್ತೆ ಕೂತಾಗ ಬೆನ್ನು ನೆಟ್ಟಗಾಗಲಿಲ್ಲ. ಹನ್ನೆರಡು ಜನ ಬರುತ್ತಾರೆ, ಅವರ ಮುಂದೆ ಏನಿಡುವುದು? ಅದಕ್ಕಿಂತ ಹೆಚ್ಚಾಗಿ, ಇವತ್ತು ಇದೊಂದನ್ನೂ ಸರಿಯಾಗಿ ಹಿಡಿದುಕೊಳ್ಳಲು ನನ್ನ ಕೈಯಲ್ಲಿ ಆಗಲಿಲ್ಲವಲ್ಲ ಅನ್ನಿಸಿ, ಐವತ್ತನಾಲ್ಕು ವರ್ಷದ ಗಂಡಸು ಅವರೆ ಸಿಪ್ಪೆಯ ಮಧ್ಯೆ ಕೂತು ಅಳುವ ಸ್ಥಿತಿಗೆ ಬಂದಿದ್ದೆ.

ಎಂಟು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಅಕ್ಕ ಮತ್ತು ಭಾವ. ಭಾವ ಹಾಲಿನಲ್ಲಿ ಪೇಪರು ಹಿಡಿದು ಕೂತರು. ಅಕ್ಕ ಸೀದಾ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತಳು.

"ಇದೇನ್ಲಾ ಶಿವು, ಕೋಳಿ ಕೆದಕಿದಂಗೆ ಮಾಡಿದ್ದೀಯ!"

"ನಲವತ್ತು ನಿಮಿಷ ಸಾಕು ಅಂದ್ಕೊಂಡಿದ್ದೆ ಅಕ್ಕ."

"ನಲವತ್ತು ನಿಮಿಷದಲ್ಲಿ ಅವರೆಗಿಡಕ್ಕೆ ನೀರು ಹಾಯಿಸೋಕೂ ಆಗಲ್ಲ. ಸರಿ ಆ ಕಡೆ" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಅವಳ ಬೆರಳು ಆಡಲು ಶುರುವಾದದ್ದೇ ತಟ್ಟೆಯಲ್ಲಿ ಬೇಳೆ ಮಳೆಯ ಹಾಗೆ ಬೀಳತೊಡಗಿತು. ಅಷ್ಟರಲ್ಲಿ ಟಕ್ ಟಕ್ ಅಂತ ವಾಕರಿನ ಸದ್ದು. ಸುಮಿತ್ರ ಬಂದು, ಊಟದ ಕುರ್ಚಿಯನ್ನು ನನ್ನ ಕೈಯಲ್ಲಿ ಬಾಗಿಲ ಹತ್ತಿರ ಹಾಕಿಸಿಕೊಂಡು, ಕಾಲು ನೀಡಿ ಕೂತಳು. ಯಾರ ಕಡೆಯೂ ನೋಡದೆ, "ನಂಗೂ ಒಂದು ಬಟ್ಟಲು ಕೊಡ್ರೀ" ಅಂದಳು. ಅಕ್ಕ ಅರ್ಧ ಕಾಳನ್ನು ಒಂದು ಬಟ್ಟಲಿಗೆ ಸುರಿದು, "ಅವಳಿಗೆ ಕೊಡ್ಲಾ" ಅಂದಳು. ಕೊಟ್ಟೆ. "ಅತ್ತಿಗೆಗೆ ಕಾಫಿ ಬೇಕಾ ಕೇಳಿ" ಅಂದಳು ಸುಮಿತ್ರ. "ಆಮೇಲೆ ಕುಡಿತಾಳಂತೆ ಅನ್ನು" ಅಂದಳು ಅಕ್ಕ. ನಾನು ಇಬ್ಬರ ನಡುವೆ ಮಾತು ಸಾಗಿಸುತ್ತಾ ನಿಂತೆ. ಅರ್ಧ ಗಂಟೆ ಪಟಪಟ ಬೇಳೆ ಬೀಳುವ ಸದ್ದು ಬಿಟ್ಟು ಬೇರೇನೂ ಇಲ್ಲ. ಆಮೇಲೆ ಅಕ್ಕನ ಬೆರಳಿಂದ ಒಂದು ಬೇಳೆ ಸಿಡಿದು, ಹಾಲಿಗೆ ಹಾರಿ, ಭಾವನ ಪೇಪರಿಗೆ ಟಪ್ ಅಂತ ಬಡಿಯಿತು. ಭಾವ ಪೇಪರು ಕೆಳಗಿಳಿಸಿ ಸೂರು ಸೋರುತ್ತಿದೆಯಾ ಅಂತ ಮೇಲೆ ನೋಡಿದರು. ಸುಮಿತ್ರ ಕಿಸಕ್ಕಂತ ನಕ್ಕಳು. ಅಕ್ಕ ತಲೆ ಬಗ್ಗಿಸಿಕೊಂಡು, ಭುಜ ಕುಣಿಸುತ್ತಾ, ನಗು ತಡೆದುಕೊಂಡಳು.

ಬೇಳೆ ಹಿದುಕಿ ಮುಗಿಯಿತು. ಮಸಾಲೆ ಹುರಿಯುವ ಹೊತ್ತಿಗೆ ಅಕ್ಕ ಒಲೆಯ ಮುಂದೆ ನಿಂತಾಗಿತ್ತು. ನನ್ನನ್ನು ತೆಂಗಿನಕಾಯಿ ತುರಿಯಲು ಕೂರಿಸಿದ್ದರು. ಬೇಳೆ ಬೆಂದು, ರುಬ್ಬಿದ್ದು ಬಿದ್ದು, ಸೊಗಡಿನ ವಾಸನೆ ಮಹಡಿಯ ತನಕ ಹೋಗಿರಬೇಕು. ಅಕ್ಕ ಒಂದು ಚೊಂಬು ನೀರು ಹೊಯ್ದಳು. ಇನ್ನೊಂದು ಚೊಂಬು ಎತ್ತಿದಳು.

"ಅತ್ತಿಗೆ, ಸಾಕು. ನೀರು ಜಾಸ್ತಿ ಆಗುತ್ತೆ" ಅಂದಳು ಸುಮಿತ್ರ ಕುರ್ಚಿಯಿಂದ. ನನ್ನ ಮೂಲಕ ಅಲ್ಲ, ನೇರವಾಗಿ.

ಅಕ್ಕ ತಿರುಗದೆ, "ನಿಂಗೆ ತೆಳ್ಳಗಿದ್ರೆ ತಾನೆ ಹಿಡಿಸೋದು?" ಅಂದಳು.

"ಇಷ್ಟು ದಿನ ನಂಗೋಸ್ಕರ ತೆಳ್ಳಗೆ ಮಾಡಿದ್ದು ಸಾಕು ಅತ್ತಿಗೆ. ಇವತ್ತು ನಿಮ್ಮ ಥರಾನೇ ಮಾಡಿ."

ಅಕ್ಕನ ಕೈಯಲ್ಲಿ ಚೊಂಬು ಹಾಗೇ ನಿಂತಿತು. ನಿಧಾನಕ್ಕೆ ನನ್ನ ಕಡೆ ತಿರುಗಿದಳು. "ಹೇಳ್ಬಿಟ್ಟೇನ್ಲಾ?"

"ಇಲ್ಲ ಅಕ್ಕ, ನಿನ್ನಾಣೆ!"

"ಅವರೇನೂ ಹೇಳ್ಲಿಲ್ಲ ಅತ್ತಿಗೆ" ಅಂದಳು ಸುಮಿತ್ರ. "ಅವರು ಹೇಳಿದ್ದು ಬರೀ ಸಾವಿತ್ರಮ್ಮನ ಕತೆ. ಮೊದಲನೇ ತುತ್ತಿಗೇ ನಂಗೆ ಗೊತ್ತಾಯ್ತು. ಅಷ್ಟು ಗಟ್ಟಿ ಸಾರು ಇನ್ಯಾರು ಮಾಡ್ತಾರೆ? ಆಮೇಲೆ ಒಂದು ವಾರಕ್ಕೆ ಸ್ವಲ್ಪ ತೆಳ್ಳಗಾಯ್ತು. ಇನ್ನೊಂದು ವಾರಕ್ಕೆ ಇನ್ನೂ ಸ್ವಲ್ಪ. ಮೂರನೇ ವಾರ ಡಬ್ಬಿ ತೆಗೆದ್ರೆ, ನಮ್ಮಮ್ಮ ಮಾಡ್ತಿದ್ದ ಸಾರೇ ಎದುರಿಗಿದ್ದ ಹಾಗಿತ್ತು. ಅವತ್ತು ತಿನ್ನೋಕೇ ಆಗ್ಲಿಲ್ಲ ನಂಗೆ. ಆಮೇಲೆ ತಾನೇ ನಾನು ಕೊಬ್ಬರಿ ಮಿಠಾಯಿ ಕಳಿಸಿದ್ದು."

ನನಗೆ ಅವತ್ತಿನ ಮಧ್ಯಾಹ್ನ ನೆನಪಿತ್ತು. ಸುಮಿತ್ರ ಊಟ ಬಿಟ್ಟಿದ್ದಳು. ಕಾಲುನೋವು ಅಂತ ತಿಳಿದು ಮಾತ್ರೆ ಕೊಟ್ಟಿದ್ದೆ. ಆರು ವಾರ ಅದೇ ಡಬ್ಬಿಯಿಂದ ಅದೇ ಸಾರನ್ನು ನಾನೂ ತಿಂದಿದ್ದೇನೆ. ಅದು ದಿನಾ ಒಂದಿಷ್ಟು ತೆಳ್ಳಗಾಗುತ್ತಾ ಗುಬ್ಬಿಯಿಂದ ಹುಲಿಯೂರುದುರ್ಗದ ತನಕ ಹೋದದ್ದು ನನ್ನ ನಾಲಿಗೆಗೆ ಗೊತ್ತೇ ಆಗಿರಲಿಲ್ಲ.

"ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ ನೀನು?" ಅಂದಳು ಅಕ್ಕ.

"ಗೊತ್ತಾಯ್ತು ಅಂದ್ರೆ ಕಳಿಸೋದು ನಿಲ್ಲಿಸಿಬಿಡ್ತೀರೇನೋ ಅಂತ ಭಯ."

ಅಕ್ಕ ಚೊಂಬು ಕೆಳಗಿಟ್ಟು, ಕೈ ಒರೆಸಿಕೊಂಡು, ಸುಮಿತ್ರಳ ಕುರ್ಚಿಯ ಹತ್ತಿರ ಬಂದು ನಿಂತಳು. "ಕೈ ತೊಳೆಯೋ ಮಾತು ನಾನು ಅನ್ನಬಾರದಾಗಿತ್ತು ಕಣೇ. ನಾಲ್ಕು ಜನ ನಗ್ತಾರೆ ಅಂತ ಅಂದುಬಿಟ್ಟೆ."

"ನಾನೂ ನಿಮ್ಮನೇಲಿ ಬರೀ ಮೊಸರನ್ನ ತಿಂದು ಬರಬಾರದಾಗಿತ್ತು. ಅವತ್ತು ಸಾರಿನ ವಾಸನೆಗೇ ಬಾಯಲ್ಲಿ ನೀರು ಬರ್ತಿತ್ತು ಅತ್ತಿಗೆ. ಹಟಕ್ಕೆ ತಿನ್ನಲಿಲ್ಲ, ಅಷ್ಟೆ."

ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ ಸರಿಯಾಗಿ ಹೇಳಲಾರೆ. ತುರಿಮಣೆಯ ಮೇಲೆ ಕೂತಿದ್ದ ನನಗೂ ಕಣ್ಣು ಮಂಜಾಗಿ, ಕಾಯಿಯ ಜೊತೆ ಬೆರಳನ್ನೂ ಸ್ವಲ್ಪ ತುರಿದುಕೊಂಡೆ. "ಅಯ್ಯೋ!" ಅಂದೆ. ಅವರು ನನ್ನ ಕಡೆ ನೋಡಲಿಲ್ಲ. "ಅದಿರ್ಲಿ, ಸಾವಿತ್ರಮ್ಮ ಅಂದ್ರೆ ಯಾರೇ?" ಅಂತ ಅಕ್ಕ ಕೇಳುತ್ತಿದ್ದಳು. ಸುಮಿತ್ರ ಮೊದಲಿಂದ ಹೇಳಲು ಶುರು ಮಾಡಿದಳು. ಪಿಯುಸಿ ಸೈನ್ಸ್, ಭರತನಾಟ್ಯ, ನಿಟ್ಟೂರಿನ ತವರು, ಒಂದನ್ನೂ ಮರೆತಿರಲಿಲ್ಲ. ಅಕ್ಕ ಒಲೆಯ ಕಟ್ಟೆ ಹಿಡಿದುಕೊಂಡು ನಕ್ಕಳು. ಭಾವ ಎದ್ದು ಬಂದು, ಅಡುಗೆಮನೆಯ ಬಾಗಿಲಲ್ಲಿ ಒಂದು ನಿಮಿಷ ನಿಂತು, ವಾಪಸ್ ಹೋಗಿ ಕೂತರು.

ಹನ್ನೆರಡರ ಹೊತ್ತಿಗೆ ನಾಗರತ್ನಮ್ಮ ಮತ್ತು ಅವರ ಮನೆಯವರು ಮಹಡಿಯಿಂದ ಇಳಿದು ಬಂದರು. ಕೋಸಂಬರಿಯ ರುಚಿ ನೋಡಿದ ನಾಗರತ್ನಮ್ಮ ಮೇಲೆ ಹೋಗಿ, ಎರಡು ಸೌತೆಕಾಯಿ ಮತ್ತು ಒಂದು ಬಟ್ಟಲು ನೆನೆದ ಹೆಸರುಬೇಳೆ ತಂದು ಅದಕ್ಕೆ ಬೆರೆಸಿದರು. ಪುಟ್ಟಸ್ವಾಮಿ ಹೆಂಡತಿ ಮಕ್ಕಳ ಸಮೇತ ಬಂದವನು, ನಾನು ಮುದ್ದೆ ತಿರುವುತ್ತಿದ್ದುದನ್ನು ನೋಡಿ, "ಭಾವ, ಗಂಟಾಗ್ತಾ ಐತೆ, ಇತ್ಲಾಗೆ ಕೊಡಿ" ಅಂತ ಕೋಲು ಕಿತ್ತುಕೊಂಡ. ಎಲ್ಲರಿಗಿಂತ ಕೊನೆಗೆ ರಂಗಸ್ವಾಮಿಯವರು ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಕೈಯಲ್ಲಿ ಒಂದು ಕೆಜಿ ಸೇಬು ಹಿಡಿದು, ಚಪ್ಪಲಿ ಬಿಡುವ ಮೊದಲೇ, ಯಾರೂ ಕೇಳದಿದ್ದರೂ, ಹೊಸ್ತಿಲಲ್ಲಿ ನಿಂತು, ಪ್ರಾರ್ಥನೆಯ ಸಾಲಿನಲ್ಲಿ ಸಾವಧಾನ್ ಅನ್ನುವ ಗಟ್ಟಿ ದನಿಯಲ್ಲಿ ಹೇಳಿದರು, "ನಮ್ಮ ಮನೆಯವರಿಗೆ ಮಂಡಿನೋವು. ಬರೋಕಾಗ್ಲಿಲ್ಲ."

ಅವರಿಗೆ ಫೋನ್ ಮಾಡಿ ವಿಷಯ ತಿಳಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಮನೆಯೆಲ್ಲ ನಗೆಯೋ ನಗೆ. ರಂಗಸ್ವಾಮಿಯವರು ಕಂಗಾಲಾಗಿ, "ತಪ್ಪಾಯ್ತಾ ಸಾರ್? ನಿಟ್ಟೂರಿಗೆ ಹೋಗಿದಾರೆ ಅನ್ನಬೇಕಿತ್ತಾ?" ಅಂತ ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. ಸುಮಿತ್ರ ಒಳಗಿಂದ ಸೀರೆ ತರಿಸಿ ಅಕ್ಕನ ಮಡಿಲಿಗೆ ಹಾಕಿದಳು. ಕಡುಹಸಿರು, ಅರಿಶಿನದ ಅಂಚು. ಅಕ್ಕ ಹರೆಯದಿಂದ ಉಡುತ್ತಾ ಬಂದಿರುವ ಬಣ್ಣ. ಸಾವಿತ್ರಮ್ಮನಿಗೆ ಎಂದು ಆ ಸೀರೆ ಯಾವತ್ತೂ ಬಂದಿರಲಿಲ್ಲ.

ಊಟಕ್ಕೆ ಕೂತರು. ಬಡಿಸುವ ಕೆಲಸ ನನ್ನದು. ಅದೊಂದನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಸಾರು ಗುಬ್ಬಿಯಷ್ಟು ಗಟ್ಟಿಯೂ ಅಲ್ಲ, ಹುಲಿಯೂರುದುರ್ಗದಷ್ಟು ತೆಳ್ಳಗೂ ಅಲ್ಲ. ಮಾತಿನ ಗಲಾಟೆಯಲ್ಲಿ ಆ ಎರಡನೇ ಚೊಂಬಿನ ಅರ್ಧ ಒಳಗೆ ಬಿದ್ದಿತ್ತಂತೆ. ಪುಟ್ಟಸ್ವಾಮಿ ಮೂರು ಮುದ್ದೆ ಉಂಡ. ಬೇಡ ಬೇಡ ಅಂದ ನಾಗರತ್ನಮ್ಮನವರಿಗೆ ಎರಡು ಸಲ ಪಾಯಸ ಬಡಿಸಿದೆ. ಅಕ್ಕ, ಸುಮಿತ್ರ ಪಕ್ಕಪಕ್ಕದಲ್ಲಿ ಕೂತಿದ್ದರು. ಅಕ್ಕ ತನ್ನ ಎಲೆಯ ಸೇಬಿನ ಹೋಳನ್ನು ಸುಮಿತ್ರಳ ಎಲೆಗೆ ಹಾಕಿ, "ಮೂಳೆಗೆ ಒಳ್ಳೇದು, ತಿನ್ನು" ಅಂದಳು. ಸೇಬಿಗೂ ಮೂಳೆಗೂ ಸಂಬಂಧ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸುಮಿತ್ರ ತಿಂದಳು. ಬಡಿಸುವ ಪಾತ್ರೆ ಹಿಡಿದು ನಿಂತು ಅದನ್ನು ನೋಡುತ್ತಿದ್ದಾಗ, ವರ್ಷಗಳಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೊರಗೆ ಹೋದ ಹಾಗಾಯಿತು. ಸಂಜೆ ಹೊರಡುವಾಗ ಭಾವ ಗೇಟಿನ ಹತ್ತಿರ ನನ್ನ ಕೈ ಹಿಡಿದು, ಮೆಲ್ಲಗೆ, "ಒಳ್ಳೇದಾಯ್ತು ಕಣಪ್ಪ. ಆದ್ರೆ ಇನ್ಮೇಲೆ ನೀನು ಸ್ವಲ್ಪ ಹುಷಾರಾಗಿರು" ಅಂದರು. ಯಾಕೆ ಹಾಗಂದರು ಅಂತ ಆಗ ನನಗೆ ಅರ್ಥವಾಗಲಿಲ್ಲ.

ಈಗ ಅರ್ಥವಾಗಿದೆ. ದಿನಾ ಸಂಜೆ ಅವರಿಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ನಾಲ್ಕು ವರ್ಷದ ಬಾಕಿ ಮಾತು, ಮುಗಿಯುವುದು ಸುಲಭವಲ್ಲ. ಸುಮಿತ್ರ ವಾಕರ್ ಬಿಟ್ಟು ಕೋಲು ಹಿಡಿದಿದ್ದಾಳೆ. ಮಾತಿನ ಭರದಲ್ಲಿ ಒಮ್ಮೊಮ್ಮೆ ಕೋಲನ್ನೂ ಮರೆತು ನಾಲ್ಕು ಹೆಜ್ಜೆ ಹಾಕುತ್ತಾಳೆ. ಅದನ್ನು ನೋಡಿ ನಾನು ಒಳಗೊಳಗೇ ಹಿಗ್ಗುತ್ತೇನೆ. ಮೊನ್ನೆ ಶಾಲೆಯಿಂದ ಬಂದಾಗ ನನ್ನ ಫೋನ್ ಬಡಕೊಂಡಿತು. ಅಕ್ಕ. "ಏನಕ್ಕ, ಆರಾಮಾ?" ಅಂದೆ. "ನಿನ್ನತ್ರ ಏನಿಲ್ಲ. ಅವಳ ಫೋನ್ ಎತ್ತುತಾ ಇಲ್ಲ, ಅವಳಿಗೆ ಕೊಡು" ಅಂದಳು. ಕೊಟ್ಟು ನಾನೇ ಕಾಫಿ ಮಾಡಿಕೊಳ್ಳಲು ಒಳಗೆ ಹೋದೆ. ಹಾಲಿನಲ್ಲಿ ಮೊದಲು ಪಿಸುಮಾತು, ಆಮೇಲೆ "ಹೌದಾ?", ಆಮೇಲೆ "ನಿಜವಾಗ್ಲೂ?", ಆಮೇಲೆ ದೊಡ್ಡ ನಗು. ಇಪ್ಪತ್ತೇಳು ವರ್ಷದಿಂದ ನಾನು ಹೆಂಡತಿಗೆ, ಮಗಳಿಗೆ, ಶಾಲೆಯ ಮಕ್ಕಳಿಗೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದೇನೆ: ಒಂದನೇ ಕ್ಲಾಸಿನಿಂದ ಕೊನೆಯ ತನಕ ನಾನು ಯಾವತ್ತೂ ಫೇಲಾದವನಲ್ಲ ಅಂತ.

"ಏನ್ರೀ" ಅಂತ ಸುಮಿತ್ರ ಅಲ್ಲಿಂದಲೇ ಕೂಗಿದಳು, "ನೀವು ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತಿದ್ರಂತೆ? ಅದೂ ಸಮಾಜದಲ್ಲಿ ಹೋಗಿತ್ತಂತೆ?"

ನಾನು ಕಾಫಿಗೆ ಸಕ್ಕರೆ ಹಾಕಿ, ಬಹಳ ಗಮನ ಬೇಡುವ ಕೆಲಸದಲ್ಲಿರುವವನ ಹಾಗೆ ನಿಧಾನಕ್ಕೆ ಕಲಕುತ್ತಾ ನಿಂತೆ. ಹಾಲಿನಿಂದ ಫೋನಿನ ಸ್ಪೀಕರ್ ಹಾಕಿದ ಸದ್ದು ಕೇಳಿಸಿತು. "ಅದಷ್ಟೇ ಅಲ್ಲ ಕಣೇ, ಇನ್ನೂ ಐತೆ ಕೇಳು" ಅನ್ನುತ್ತಿದ್ದಳು ಅಕ್ಕ.